ಪಕ್ರಮ್ಮನ ಕಾವು

ಶಿವರಾಮುಗೆ ಮಾತು ಮಗುಚೋ ಚಟ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ದಿನಾ ಬಸ್ಸಲ್ಲಿ ಹೋಗಿ ಗುಮಾಸ್ತೆ ಕೆಲಸ ಮಾಡಿ ಬರೋ ಆಸಾಮಿ. ಕೈಲಿ ಫೈಲು ಜರುಗದಿದ್ರೂ ಬಾಯಲ್ಲಿ ಮಾತು ನಿಲ್ತಿರಲಿಲ್ಲ. ಊಟ ಆಯ್ತಾ ಅಂತ ಕೇಳಿದ್ರೂ ಅದಕ್ಕೊಂದು ಎರಡನೇ ಅರ್ಥ ಹುಟ್ಟಿಸೋನು. ಆಫೀಸಿನ ವಾಟ್ಸಾಪ್ ಗ್ರೂಪಲ್ಲಿ ಅವನಿಗಿದ್ದ ಮರ್ಯಾದೆ ಎಲ್ಲಾ ಅದರದ್ದೇ.

ಎರಡು ವಾರದ ಕೆಳಗೆ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿಲಿ ಒಂದು ಬೋರ್ಡು ಕಣ್ಣಿಗೆ ಬಿತ್ತು. "ಇಲ್ಲಿ ಎಲ್ಲಾ ತರದ ಕಾವು ಹಾಕಿ ಕೊಡಲಾಗುವುದು. ಹೆಂಗಸರಿಗೆ ತೆಳುವಾದ ಕಾವು ಸಿಗುತ್ತೆ. ಫಖ್ರುನ್ನೀಸಾ." ಕೆಳಗೆ ಮೊಬೈಲ್ ನಂಬರು.

ಗುದ್ದಲಿ, ಕೊಡಲಿ, ಮಚ್ಚಿಗೆ ಮರದ ಹಿಡಿ ಹಾಕೋ ಅಂಗಡಿ ಅದು. ಆ ಹಿಡಿಗೆ ಕಾವು ಅನ್ನೋದು ಉಡಿಗಾಲ ಅನ್ನೋ ಹಳ್ಳೀಲಿ ಹುಟ್ಟಿ ಬೆಳೆದ ಶಿವರಾಮುಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕೋಳಿ ಕೂರೋದೂ ಕಾವಿಗೇ, ಎಲೆಕ್ಷನ್‌ಗೆ ಏರೋದೂ ಕಾವೇ, ಸಿಟ್ಟು ಬಂದಾಗ ನೆತ್ತಿಗೆ ಹತ್ತೋದೂ ಕಾವೇ, ಗಂಡು ಹೆಣ್ಣು ಆಸೆಪಟ್ಟಾಗ ಮೈಗೆ ಹತ್ತೋದೂ ಕಾವೇ. ಇಷ್ಟೊಂದು ಅರ್ಥ ಇಟ್ಕೊಂಡಿರೋ ಮಾತನ್ನ ಶಿವರಾಮು ಸುಮ್ಮನೆ ಬಿಟ್ಟಾನಾ? ಫೋಟೋ ಹೊಡೆದು ಕೆಳಗೆ ಬರೆದ: "ಕಾವು ಆರಿದ ಗಂಡಸರು ಗುಂಡ್ಲುಪೇಟೆ ಬಸ್ ಹತ್ತಿ. ಕಾವಿ ತೊಟ್ಟವರಿಗೆ ಪ್ರವೇಶವಿಲ್ಲ."

ಮಧ್ಯಾಹ್ನದೊಳಗೆ ರಾಶಿ ರಾಶಿ ನಗೋ ಮುಖ ಬಿದ್ದವು. ಸಾಯಂಕಾಲಕ್ಕೆ ಅದೇ ಫೋಟೋ ಊರೆಲ್ಲ ಸುತ್ತಿ ಅವನ ಬಾಮೈದನ ಕಡೆಯಿಂದ ಅವನಿಗೇ ವಾಪಸ್ ಬಂತು. ಪ್ರೈಜು ಬಂದೋನಂಗೆ ಬೀಗಿದ.

ಭಾನುವಾರ ಉಡಿಗಾಲದಲ್ಲಿ ಉಣ್ತಾ ಕೂತಿದ್ದಾಗ ಅವ್ವ ಚಿಕ್ಕನಿಂಗಮ್ಮ ಮುರಿದ ಗುದ್ದಲಿ ತಂದು ಮುಂದೆ ಹಾಕಿದ್ಲು.

"ಪ್ಯಾಟೇಲಿ ಪಕ್ರಮ್ಮನ ತಾವ ಕಾವ್ ಆಕಿಸ್ಕ ಬಾ ಕಣ್ಲಾ."

"ಯಾವ ಪಕ್ರಮ್ಮ?"

"ಅದೇ, ಮಹಬೂಬ್ ಸಾಬ್ರ ಎಂಡ್ರು. ಗಂಡ ಸತ್ಮೇಲೆ ಅವ್ಳೇ ಉಳಿ ಇಡ್ಕಂಡವ್ಳೆ. ಬ್ಯಾರೆಯೋರು ಆಕದು ನನ್ ಕೈಗೆ ದಪ್ಪ ಆಯ್ತದೆ. ಅವ್ಳು ದಾರದಲ್ಲಿ ಕೈ ಅಳ್ದು ಮಾಡ್ತಾಳೆ. ನನ್ ಎಬ್ಬೆಟ್ಟು ನೋಯದು ಎತ್ತ ಮಗ ನಿಂಗೊತ್ತಿಲ್ಲ, ಅವ್ಳಿಗೊತ್ತು. ಅದ್ಯಾಕೋ ಫೋನೇ ಎತ್ತಾ ಇಲ್ಲ, ಎಂಟ್ ದಿನಾಯ್ತು."

ಬೋರ್ಡಿನ ಮೇಲಿದ್ದ ಫಖ್ರುನ್ನೀಸಾನೇ ಈ ಪಕ್ರಮ್ಮ ಅಂತ ಹೊಳೆದದ್ದೇ ಶಿವರಾಮು ಎತ್ತಿದ ತುತ್ತು ತಟ್ಟೆಗೇ ಇಟ್ಟ.

ಸೋಮವಾರ ಹೋಗಿ ನೋಡಿದ್ರೆ ಬೋರ್ಡು ಕೆಳಗಿಳಿದಿತ್ತು. ತಪ್ಪು ಮಾಡಿದೋರನ್ನ ನಿಲ್ಲಿಸ್ದಂಗೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ರು. ಅರ್ಧ ಎಳೆದ ಷಟರಿನೊಳಗೆ ಐವತ್ತು ದಾಟಿದ ಹೆಂಗಸು, ತಲೆ ಮೇಲೆ ಸೆರಗು, ಕೈಲಿ ಉಳಿ. ಗುದ್ದಲಿ ನೋಡಿದ್ದೇ ಗುರುತು ಹಿಡಿದ್ಲು.

"ಚಿಕ್ಕನಿಂಗಕ್ಕನ ಮಗ ಅಲ್ವಾ? ಕೂತ್ಕೊಳ್ಳಿ ಸಾರ್. ಅಕ್ಕಂದು ಹೆಬ್ಬೆಟ್ಟು ಹೆಂಗಿದೆ?"

"ಹಂಗೇ ಇದೆ. ನೀವು ಫೋನ್ ಎತ್ತಲ್ವಂತೆ."

ಉಳಿ ನಿಂತಿತು. "ಏನ್ ಹೇಳ್ಲಿ ಸಾರ್. ಯಾರ್ಯಾರೋ ಗಂಡಸ್ರು ಫೋನ್ ಮಾಡ್ತಾರೆ. ಕಾವು ಸಿಗ್ತದಾ ಅಂತಾರೆ, ನಗ್ತಾರೆ. ಮೊದಲ್ನೇ ದಿನ ಎಲ್ರಿಗೂ ರೇಟು ಹೇಳ್ದೆ ನಾನು. ಆಮೇಲೆ ಒಬ್ಬ ಹೊಲಸು ಮಾತಾಡ್ದ. ಅವತ್ತಿಂದ ಮುಟ್ಟಿಲ್ಲ. ಬರೋ ಗಿರಾಕಿನೂ ಹೋಯ್ತು."

ಶಿವರಾಮು ನೆಲ ನೋಡ್ದ. ನೆಲದ ತುಂಬಾ ಮರದ ಹೊಟ್ಟು.

"ನೀವು ಓದಿದೋರು. ಮನೇಲಿ ನಮ್ದು ಉರ್ದು. ಕನ್ನಡ ಎಲ್ಲಾ ಗಿರಾಕಿ ಬಾಯಿಂದ ಕಲ್ತಿದ್ದು. ನಾನೇ ತಪ್ಪು ಬರೆಸಿದ್ನಾ?"

"ತಪ್ಪೇನಿಲ್ಲ. ಕಾವು ಅಂದ್ರೆ ಹಿಡಿನೇ."

"ಮತ್ತೆ ಅವ್ರು ಕೇಳೋದು?"

"ಅದು... ಕೋಳಿ ಕೂರ್ತದಲ್ಲ, ಆ ಕಾವು."

"ಕೋಳಿ ಕಾವಿಗೆ ಹಂಗ್ ನಗ್ತಾರಾ ಸಾರ್?"

ಅವಳು ಒಂದು ಚೀಟಿ, ಪೆನ್ನು ಮುಂದಿಟ್ಟಳು. "ಬೇರೆ ಮಾತು ಬರ್ಕೊಡಿ. ಯಾರೂ ನಗ್ಬಾರ್ದು, ಅಂಥದ್ದು."

ಹಿಡಿ ಅಂತ ಬರೆದ, ಹೊಡೆದು ಹಾಕ್ದ. ಹಿಡಿಕೆ ಅಂತ ಬರೆದ, ಅದನ್ನೂ ಹೊಡೆದ. ಕೋಲು, ಬಡಿಗೆ, ಮರ. ಒಂದೊಂದು ಮಾತಿಗೂ ಗ್ರೂಪಲ್ಲಿ ಏನು ಜೋಕು ಬರ್ತದೆ ಅಂತ ಎಲ್ಲರಿಗಿಂತ ಮೊದಲು ಅವನಿಗೇ ಹೊಳೀತಿತ್ತು. ಅಷ್ಟು ದೊಡ್ಡ ಕನ್ನಡದಲ್ಲಿ ಅವನ ಕೈ ತಾಕಿ ಕೊಳೆ ಆಗದಿರೋ ಮಾತು ಒಂದೂ ಸಿಗಲಿಲ್ಲ. ಕಿವಿ ತುದಿ ಉರೀತು, ಬೆನ್ನು ಬೆವರಿತು. ಇದೂ ಒಂದು ಕಾವೇ. ಇದನ್ನ ಯಾವ ಗ್ರೂಪಿಗೆ ಕಳಿಸೋದು?

"ಅಮ್ಮ, ಆ ಫೋಟೋ ತೆಗೆದಿದ್ದು ನಾನು. ಕೆಳಗೆ ಬರೆದಿದ್ದೂ ನಾನೇ."

ಅವಳು ಬೈಲಿಲ್ಲ. ಬೈದಿದ್ರೆ ಅವನಿಗೆ ಹಗುರ ಆಗ್ತಿತ್ತು. ಉಳಿ ಮೇಲಿನ ಹೊಟ್ಟು ಊದಿ, ಗೂಡಲ್ಲಿದ್ದ ಫೋನ್ ತೆಗೆದು ಆನ್ ಮಾಡಿ ಅವನ ಮುಂದಿಟ್ಟಳು.

"ಹಂಗಾದ್ರೆ ಆ ಕಾವು ನೀವೇ ಮಾರಿ ಸಾರ್. ನಾನು ಅಕ್ಕಂದು ಮುಗಿಸ್ತೀನಿ."

ಐದು ನಿಮಿಷಕ್ಕೆ ಫೋನ್ ಬಡ್ಕೊಳ್ತು.

"ಅಮ್ಮಾವ್ರೇ, ಕಾವು ಅದಾ?" ಆಫೀಸಲ್ಲಿ ಪಕ್ಕದ ಟೇಬಲಿನ ಗಿರೀಶನ ದನಿ. ಬೆಳಿಗ್ಗೆ ಇವನ ಜೊತೆನೇ ಟೀ ಕುಡಿದಿದ್ದ.

"ಗಿರೀಶ, ನಾನು ಶಿವರಾಮು ಕಣ್ಲಾ."

ಆ ಕಡೆಯಿಂದ ಫೋನ್ ಕಟ್ಟಾಯ್ತು. ಆಮೇಲೆ ಬಂದ ಇನ್ನೊಂದು ಫೋನು ಗಂಡಸಿನ ದನಿ ಕೇಳಿದ್ದೇ ಕಟ್ಟಾಯ್ತು. ಪಕ್ರಮ್ಮ ತಲೆ ಎತ್ತದೆ ಕೆತ್ತುತ್ತಿದ್ಲು. ಮತ್ತೊಂದು ಬಂತು.

"ಕಾವ್ ಬೇಕಾಗಿತ್ತಲ್ಲಾ. ತೆಳ್ಳುಂದು."

ಶಿವರಾಮುಗೆ ರೇಗೋಯ್ತು. "ನಾಚ್ಕೆ ಆಗಲ್ವೇನಯ್ಯ? ಮನೇಲಿ ಅಕ್ಕ ತಂಗೀರಿಲ್ವಾ ನಿಂಗೆ?"

"ಅವ್ರೆ ಕಣಪ್ಪ. ನಮ್ಮಕ್ಕುನ್ ಗುದ್ಲಿಗೇ ಬೇಕಾಗಿರದು. ಬೇಗೂರು ನಂಜಯ್ಯ ನಾನು. ವಾರ್ದಿಂದ ಮಾಡ್ತಾ ಇವ್ನಿ, ಈಗ್ ಎತ್ತುದ್ರಿ. ಯಾಕೆ, ಕಾವು ಮಾರದು ಬುಟ್ಬುಟ್ರಾ?"

ಶಿವರಾಮು ಫೋನಿಗೆ ಕೈ ಅಡ್ಡ ಹಿಡಿದು, "ನಿಜವಾದ ಗಿರಾಕಿ," ಅಂದ. ಪಕ್ರಮ್ಮ ಈಗ ತಲೆ ಎತ್ತಿದ್ಲು. ಉಂಡೆಯಿಂದ ದಾರ ಎಳೆದು, ತನ್ನ ಅಂಗೈಗೆ ಸುತ್ತಿ ತೋರಿಸಿದ್ಲು.

"ಬುಟ್ಟಿಲ್ಲ ಯಜಮಾನ್ರೇ," ಅಂದ ಶಿವರಾಮು. "ಅಕ್ಕೋರ ಕೈ ಅಳತೆ ಏಳಿ."

ಆ ಮಾತಿಗೂ ಒಂದು ಜೋಕು ನಾಲಿಗೆ ತುದೀಗೆ ಬಂದು ಇಣುಕ್ತು. ನುಂಗ್ಕೊಂಡು, ಚೀಟಿ ಮೇಲೆ ಹೊಡೆದು ಹಾಕಿದ್ದ ಮಾತುಗಳ ಕೆಳಗೆ ಬರ್ಕೊಂಡ: ಬೇಗೂರು ನಂಜಯ್ಯ, ಅಕ್ಕಂದು, ಗುದ್ದಲಿ ಕಾವು, ತೆಳ್ಳಗೆ.