ಶುದ್ಧ ಸೋಮವಾರದ ಪಚ್ಚಿಲೆ

ಅನೆಸ್ತಿಸ್‌ನನ್ನು ಬೈಯುವುದಕ್ಕೆ ನನಗೆ ಈಗಲೂ ಸರಿಯಾದ ಬೈಗುಳ ಸಿಕ್ಕಿಲ್ಲ. ಬಾಯಿ ಜೋರು ಎಂದು ಊರಲ್ಲೆಲ್ಲ ಹೆಸರಾದವಳು ನಾನು, ತೋಮಾಯಿ. ದೋಣಿಕಟ್ಟೆಯಲ್ಲಿ ನಾನು ಸೊಂಟಕ್ಕೆ ಕೈಯಿಟ್ಟು ನಿಂತರೆ ಗಂಡಸರು ಎಂಜಿನ್ ಶುರು ಮಾಡಿಕೊಂಡು ಜಾಗ ಖಾಲಿ ಮಾಡುತ್ತಿದ್ದರು. ಅಂಥವಳಿಗೂ ಅವನ ವಿಷಯ ಬಂದರೆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಯಾರೋ ಹೊರಗಿನವನಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಅವನು ನನ್ನ ಮಗಳು ಸ್ಮಾರೊಳ ಜ್ಞಾನಸ್ನಾನದ ದಿನ ಅವಳ ಪುಟ್ಟ ಮೈಗೆ ಎಣ್ಣೆ ಹಚ್ಚಿ ಹೆಸರಿಟ್ಟವನು. ಇಟ್ಟದ್ದು ತನ್ನ ಹೆತ್ತ ತಾಯಿಯ ಹೆಸರನ್ನು. ನಮ್ಮಲ್ಲಿ ಹಾಗೆ ಎಣ್ಣೆ ಹಚ್ಚಿದವನು ಮಗುವಿಗೆ ಇನ್ನೊಬ್ಬ ಅಪ್ಪ. ಅವಳು ಅವನನ್ನು ‘ನೊನೊ’ ಎಂದು ಕರೆಯುತ್ತಿದ್ದಳು. ನನ್ನ ಗಂಡ ತೀರಿಕೊಂಡ ಮೇಲಂತೂ ಅವಳ ಬಾಯಲ್ಲಿ ಹಗಲೆಲ್ಲ ಆ ಒಂದೇ ಹೆಸರು.

ನಮ್ಮ ಕೊಲ್ಲಿಯವರ ಕಸುಬು ಕಪ್ಪು ಚಿಪ್ಪಿನ ಪಚ್ಚಿಲೆ, ಅಂದರೆ ತಿನ್ನುವ ಕಡಲಚಿಪ್ಪು, ಬೆಳೆಯುವುದು. ಸಮುದ್ರದಲ್ಲಿ ಸಾಲಾಗಿ ಹಗ್ಗ ಇಳಿಬಿಟ್ಟರೆ ಅವು ಹಗ್ಗಕ್ಕೆ ಕಚ್ಚಿಕೊಂಡು ನೀರಲ್ಲಿರುವುದನ್ನೇ ಸೋಸಿ ತಿಂದು ಬೆಳೆಯುತ್ತವೆ. ಅಲ್ಲೇ ಇರುವುದು ತೊಂದರೆ. ನೀರಲ್ಲಿ ವಿಷಪಾಚಿ ಎದ್ದರೆ ಅದನ್ನೂ ಸೋಸಿ ತಿನ್ನುತ್ತವೆ. ತಾವು ಗುಂಡುಕಲ್ಲಿನ ಹಾಗೆ ಇರುತ್ತವೆ, ಅವನ್ನು ತಿಂದ ಮನುಷ್ಯ ಕಕ್ಕಸು ಬಿಟ್ಟು ಏಳುವುದಿಲ್ಲ. ಬೇಯಿಸಿದರೂ ವಿಷ ಹೋಗುವುದಿಲ್ಲ. ಸಮುದ್ರ ಕೆಂಪಾಗಿದ್ದರೆ ಕುರುಡನಿಗೂ ತಿಳಿಯುತ್ತಿತ್ತೋ ಏನೋ, ನಮ್ಮ ಪಾಚಿ ನೀರಿಗೆ ಬಣ್ಣ ಹಚ್ಚುವುದೂ ಇಲ್ಲ. ನದಿಯ ಸಿಹಿನೀರು ಮೇಲೆ ಹರಡಿಕೊಂಡಿರುತ್ತದೆ, ಇದು ಅದರ ಕೆಳಗೆ ನಡುನೀರಲ್ಲಿ ತೆಳ್ಳಗೆ ಪದರ ಕಟ್ಟಿಕೊಂಡು ಕಳ್ಳನ ಹಾಗೆ ಕೂತಿರುತ್ತದೆ.

ಅದನ್ನು ಹಿಡಿಯುವುದು ನನ್ನ ಕೆಲಸವಾಗಿತ್ತು. ವಾರಕ್ಕೊಮ್ಮೆ ಅನೆಸ್ತಿಸ್‌ನ ದೋಣಿಯಲ್ಲಿ ಹೋಗಿ, ತುದಿಗೆ ಸೀಸದ ಗುಂಡು ಕಟ್ಟಿದ ಉದ್ದನೆಯ ಪೈಪನ್ನು ತಳದವರೆಗೂ ಇಳಿಸಿ, ಮೇಲಿನದು, ನಡುವಿನದು, ತಳದ್ದು ಎಲ್ಲ ನೀರನ್ನೂ ಒಟ್ಟಿಗೆ ಎತ್ತುತ್ತಿದ್ದೆ. ಹಗ್ಗದಿಂದಲೂ ಹಾಗೆಯೇ, ಮೇಲೊಂದಿಷ್ಟು, ನಡುವೆ ಒಂದಿಷ್ಟು, ಕೆಳಗೊಂದಿಷ್ಟು ಪಚ್ಚಿಲೆ ಕಿತ್ತು ಚೀಲಕ್ಕೆ ಹಾಕಿ, ಮೇಲೆ ನನ್ನ ಹೆಸರು ಬರೆದು ಥೆಸ್ಸಲೋನಿಕಿ ನಗರದ ಪ್ರಯೋಗಾಲಯಕ್ಕೆ ತಲುಪಿಸುತ್ತಿದ್ದೆ. ಅವರು ವಿಷ ಇದೆ ಎಂದರೆ ಕೊಲ್ಲಿ ಬಂದ್. ಇಲ್ಲ ಎಂದರೆ ಊರು ಹಗ್ಗ ಎಳೆಯುತ್ತದೆ. ನನ್ನ ಹೆಸರಿದ್ದ ಚೀಲವನ್ನು ಅಲ್ಲಿ ಯಾರೂ ಎರಡನೇ ಸಲ ಪರೀಕ್ಷಿಸುತ್ತಿರಲಿಲ್ಲ. ನನಗೆ ಅದಕ್ಕಿಂತ ದೊಡ್ಡ ಹೆಮ್ಮೆ ಬೇರೆ ಇರಲಿಲ್ಲ.

ಆ ಪ್ರಯೋಗಾಲಯದಲ್ಲಿ ಮಿರ್ಸಿನಿ ಎಂಬ ಹುಡುಗಿಯಿದ್ದಳು. ಗಾಳಿ, ನದಿಯ ಹರಿವು, ಉಪಗ್ರಹ ಕಂಡ ಸಮುದ್ರದ ಬಿಸಿ ಎಲ್ಲವನ್ನೂ ಕಂಪ್ಯೂಟರಿಗೆ ಊಡಿಸಿ, ಪಾಚಿ ಏಳುವ ಮೊದಲೇ ಹೇಳುವ ವಿದ್ಯೆ ಅವಳದು. ಮಾರ್ಚಿಗೆ ಮುಂಚೆ ಫೋನ್ ಮಾಡಿದಳು.

“ತೋಮಾಯಮ್ಮಾ, ಈ ಸಲ ಉತ್ತರದ ಗಾಳಿ ಬೀಸ್ತಾನೇ ಇಲ್ಲ. ನೀರು ನಿಂತಲ್ಲೇ ನಿಂತಿದೆ, ಬೆಚ್ಚಗಾಗಿದೆ. ಶುದ್ಧ ಸೋಮವಾರದ ಹೊತ್ತಿಗೆ ನಿಮ್ಮ ಕೊಲ್ಲೀಲಿ ಪಾಚಿ ಏಳತ್ತೆ ಅನ್ಸತ್ತೆ.”

“ಬಾಯಲ್ಲಿ ಒಳ್ಳೇದೇ ಬರಲ್ವಲ್ಲೇ ನಿಂಗೆ!” ಎಂದೆ. ಅಂದೆನಷ್ಟೇ. ಸಂಜೆಗೆ ಸಹಕಾರ ಸಂಘದ ಕೋಣೆಗೆ ಹೋಗಿ ಎಲ್ಲರಿಗೂ ಹೇಳಿದೆ.

ಶುದ್ಧ ಸೋಮವಾರವೆಂದರೆ ನಮ್ಮ ದೊಡ್ಡ ಉಪವಾಸದ ಮೊದಲ ದಿನ. ಅಂದು ರಕ್ತವಿರುವ ಯಾವುದನ್ನೂ ತಿನ್ನುವಂತಿಲ್ಲ. ಪಚ್ಚಿಲೆಗೆ ರಕ್ತವಿಲ್ಲ ಎಂದು ಯಾವುದೋ ಕಾಲದ ಹಿರಿಯರು ತೀರ್ಮಾನ ಕೊಟ್ಟು ಪುಣ್ಯ ಕಟ್ಟಿಕೊಂಡಿದ್ದಾರೆ. ದೇಶಕ್ಕೆ ದೇಶವೇ ಅಂದು ಪಚ್ಚಿಲೆ ಕೇಳುತ್ತದೆ. ಆ ವಾರ ಕೊಲ್ಲಿ ಬಂದ್ ಆದರೆ ನಮ್ಮ ವರ್ಷವೇ ಬಂದ್. ಹಾಗಾಗಿ ನನ್ನ ಮಾತು ಯಾರಿಗೂ ರುಚಿಸಲಿಲ್ಲ. ಸಂಘದ ಅಧ್ಯಕ್ಷ ಅನೆಸ್ತಿಸನೇ. ಅವನು ಮಾತ್ರ ಮೀಸೆ ತಿರುವುತ್ತಾ ನಕ್ಕ.

“ಆ ಹುಡುಗಿಗೆ ಗಂಡು ನೋಡ್ರಪ್ಪಾ ಯಾರಾದ್ರೂ. ಹಗಲೂ ರಾತ್ರಿ ನಮ್ಮ ಸಮುದ್ರ ನೋಡ್ಕೊಂಡು ಕೂತಿರ್ತಾಳೆ.” ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಹೇಳಲು ಈಗ ಹೊಟ್ಟೆ ಉರಿಯುತ್ತದೆ.

ನೀರು ತೆಗೆಯಬೇಕಾದ ದಿನವೇ ಸ್ಮಾರೊಳನ್ನು ನಗರದ ಆಸ್ಪತ್ರೆಗೆ ಕರೆದುಕೊಂಡು ಹೋಗುವುದಿತ್ತು. ಅವಳೀಗ ಏಳು ತಿಂಗಳ ಬಸುರಿ. ಅಳಿಯ ಹಡಗಿನಲ್ಲಿ ಕೆಲಸಕ್ಕಿದ್ದವನು, ಬರುವುದು ಬೇಸಿಗೆಗೆ. ಬೆಳಗ್ಗೆ ಕಟ್ಟೆಗೆ ಬಂದ ಅನೆಸ್ತಿಸ್ ನನ್ನನ್ನು ದೋಣಿ ಹತ್ತಲು ಬಿಡಲಿಲ್ಲ.

“ಮಗೂನ ಕಾಯಿಸ್ತೀಯಾ? ನೀನು ಕಾರು ಹೊರಡ್ಸು. ನಾನು ಒಂದು ಗಳಿಗೇಲಿ ತಂದ್ಕೊಡ್ತೀನಿ.”

“ಪೈಪು ತಳ ಮುಟ್ಬೇಕು, ಗೊತ್ತಲ್ಲ?”

“ಇಷ್ಟು ವರ್ಷ ನಿನ್ನ ಪಕ್ಕದಲ್ಲಿ ನಿಂತು ನೋಡಿಲ್ವೇನೆ ತಾಯೀ? ನನ್ನೇ ನಂಬಲ್ವಾ?”

ನಂಬದೆ ಇರುವುದಕ್ಕೆ ಕಾರಣವಿರಲಿಲ್ಲ. ಅವನು ಬಾಟಲಿ, ಚೀಲ ತಂದು ಕೊಟ್ಟ. ನಾನು ಹೆಸರು ಬರೆದೆ. ಸ್ಮಾರೊಳ ಹೊಟ್ಟೆಯನ್ನು ಮುಟ್ಟಿ, “ಏ ಪುಟ್ಟಾ, ನಿನಗೆ ಎಣ್ಣೆ ಹಚ್ಚೋನೂ ನಾನೇ ಕಣೋ” ಎಂದ. ಅವಳು ನಗರ ಮುಟ್ಟುವ ತನಕ ಅದನ್ನೇ ಹೇಳಿಕೊಂಡು ಖುಷಿಪಟ್ಟಳು.

ಎರಡು ದಿನ ಬಿಟ್ಟು ಮಿರ್ಸಿನಿಯ ಫೋನು. ದನಿ ಸಣ್ಣಗಾಗಿತ್ತು. “ನಿಮ್ಮ ನೀರಲ್ಲಿ ಪಾಚಿ ಇಲ್ಲವೇ ಇಲ್ಲ ಅನ್ನೋ ಅಷ್ಟು ಕಮ್ಮಿ ಇದೆ. ಪಚ್ಚಿಲೇಲೂ ವಿಷ ಇಲ್ಲ. ನನ್ನ ಲೆಕ್ಕವೇ ಎಲ್ಲೋ ತಪ್ಪಿದೆ. ಎಚ್ಚರಿಕೆ ವಾಪಸ್ ತಗೊಂಡಿದೀನಿ.”

“ನಿನ್ನ ಉಪಗ್ರಹಕ್ಕೆ ಒಂದು ಕನ್ನಡಕ ಹಾಕ್ಸು” ಎಂದು ನಾನು ರೇಗಿಸಿದೆ.

“ಬೇರೆಯವರ ಚೀಲ ಆಗಿದ್ರೆ ಇನ್ನೊಂದ್ಸಲ ತರ್ಸೋಣ ಅಂತಿದ್ದೆ. ನಿಮ್ಮದಲ್ವಾ” ಎಂದಳು.

ಊರು ಹಗಲಿರುಳೆನ್ನದೆ ಹಗ್ಗ ಎಳೆಯಿತು. ಸೋಮವಾರ ಮಕ್ಕಳೆಲ್ಲ ದಂಡೆಯಲ್ಲಿ ಗಾಳಿಪಟ ಹಾರಿಸಲು ಗಾಳಿಯಿಲ್ಲದೆ ಸುಮ್ಮನೆ ಓಡಾಡುತ್ತಿದ್ದರು. ಸಂಘದ ಅಂಗಳದಲ್ಲಿ ಉದ್ದಕ್ಕೂ ಮೇಜು ಹಾಕಿದ್ದೆವು. ಎಳ್ಳು ಹಚ್ಚಿದ ರೊಟ್ಟಿ, ಆಲಿವ್, ಹುರುಳಿ, ಹಲ್ವ, ದೊಡ್ಡ ಹಂಡೆಯಲ್ಲಿ ಪಚ್ಚಿಲೆ ಅನ್ನ. ಬಡಿಸುವವಳು ನಾನೇ. ಹೆಂಡತಿ ಫನೂಲ, ಸ್ಮಾರೊ ಇಬ್ಬರ ನಡುವೆ ಕೂತಿದ್ದ ಅನೆಸ್ತಿಸ್ ತನ್ನ ತಟ್ಟೆಯ ಮೇಲೆ ಅಂಗೈ ಅಡ್ಡ ಇಟ್ಟ.

“ನನಗೆ ಬೇಡ. ಪಿತ್ತಕೋಶದಲ್ಲಿ ಕಲ್ಲಿದೆ ಅಂದಿದ್ದಾರೆ ಡಾಕ್ಟ್ರು.”

“ಕುಡಿಯೋಕೆ ಮಾತ್ರ ಕಲ್ಲು ಅಡ್ಡ ಬರಲ್ವಾ?” ಎಂದು ಅವನ ಮುಂದಿದ್ದ ಸಾರಾಯಿ ಲೋಟ ತೋರಿಸಿದೆ. ಎಲ್ಲರೂ ಗೊಳ್ಳೆಂದರು. ಬಡಿಸಿ ಬಡಿಸಿ ಸಾಕಾಗಿ, ನನಗೆ ತಿನ್ನಲು ಉಳಿದದ್ದು ರೊಟ್ಟಿ ಮತ್ತು ಹಲ್ವ.

ಕತ್ತಲಾಗುವುದರೊಳಗೆ ಊರಿನ ಪ್ರತಿ ಮನೆಯ ಕಕ್ಕಸಿನ ಬಾಗಿಲೂ ಬಡಿದುಕೊಳ್ಳತೊಡಗಿತು. ಮೊದಮೊದಲು ತಮಾಷೆಯಾಗಿಯೇ ಇತ್ತು, ಒಬ್ಬರಿಗೊಬ್ಬರು ‘ನಿನಗೂ ಶುರುವಾಯ್ತಾ?’ ಎಂದು ಕೂಗಿ ಕೇಳುತ್ತಿದ್ದರು. ಸ್ಮಾರೊ ಬಚ್ಚಲಿನ ನೆಲದ ಮೇಲೆ ಕುಸಿದು ಕೂತು, ಬಿಳಿಚಿದ ತುಟಿಯಲ್ಲಿ “ಅಮ್ಮಾ, ಹೊಟ್ಟೆ ಬಿಗೀತಿದೆ, ಇದು ಭೇದಿಯ ನೋವಲ್ಲ” ಎಂದಾಗ ತಮಾಷೆ ಮುಗಿಯಿತು. ಆಂಬುಲೆನ್ಸ್‌ನಲ್ಲಿ ಅವಳ ಕೈ ಹಿಡಿದು ಕೂತಿದ್ದೆ. ಮೈಯಲ್ಲಿ ನೀರೇ ಇಲ್ಲದೆ ಹೆರಿಗೆ ನೋವು ಶುರುವಾಗಿದೆ, ಮಗು ಈಗ ಹುಟ್ಟಿದರೆ ಉಳಿಯುತ್ತದೋ ಇಲ್ಲವೋ ಹೇಳಲಾಗದು ಎಂದರು ವೈದ್ಯರು. ಸೂಜಿ ಚುಚ್ಚಿ, ಬಾಟಲಿ ಮೇಲೆ ಬಾಟಲಿ ಏರಿಸಿ ನೋವನ್ನು ಹಿಡಿದು ನಿಲ್ಲಿಸಿದರು. ನಿಂತಿದೆ, ಆದರೆ ಅವಳು ಹಾಸಿಗೆ ಬಿಟ್ಟು ಏಳುವಂತಿಲ್ಲ ಎಂದರು.

ಮಾರನೆಯ ದಿನವೇ ಅಧಿಕಾರಿಗಳು ತಮ್ಮದೇ ದೋಣಿ, ತಮ್ಮದೇ ಪೈಪು ತಂದು ನೀರೆತ್ತಿದರು. ನಡುನೀರು ಪಾಚಿಯಿಂದ ಗಿಜಿಗುಡುತ್ತಿತ್ತು. ಅಷ್ಟು ಪಾಚಿ ಐದಾರು ದಿನದಲ್ಲಿ ಏಳುವುದಿಲ್ಲ ಎಂದರು. ಹಾಗಾದರೆ ತೋಮಾಯಿಯ ಚೀಲ? ಸಂಘದ ಸಭೆಯಲ್ಲಿ ಕಿರುಚದವರಿಲ್ಲ. ಮೊನ್ನೆ ನನ್ನ ಕೈಯಿಂದ ಬಡಿಸಿಕೊಂಡವರೇ ಇಂದು ನನ್ನತ್ತ ಬೆರಳು ಮಾಡಿ ‘ವಿಷ ಇಕ್ಕಿದಳು’ ಎಂದರು. ನಾನು ಅನೆಸ್ತಿಸ್‌ನ ಮುಖ ನೋಡಿದೆ. ನೀರು ತೆಗೆದದ್ದು ತಾನು ಎಂದು ಅವನು ಹೇಳುತ್ತಾನೆ ಎಂದುಕೊಂಡೆ. ಅವನು ಗಂಟಲು ಸರಿಮಾಡಿಕೊಂಡ.

“ಬಿಡ್ರಪ್ಪಾ, ಅವಳಿಗೂ ವಯಸ್ಸಾಯ್ತು. ಮಗಳ ಚಿಂತೆ ಬೇರೆ. ಎಲ್ಲೋ ಎಡವಟ್ಟಾಗಿದೆ. ಬೇರೆಯವರನ್ನ ನೇಮಿಸೋಣ.”

ನನ್ನ ಬಾಯಿಗೆ ಬೀಗ ಬಿತ್ತು. ಹೌದು, ನನಗೆ! ಎದ್ದು ಹೊರಗೆ ಬಂದವಳು ಅವನ ದೋಣಿಯಲ್ಲಿದ್ದ ನನ್ನ ರಬ್ಬರ್ ಬೂಟು, ಬಕೆಟು ತೆಗೆದುಕೊಳ್ಳಲು ಕಟ್ಟೆಗೆ ನಡೆದೆ. ಪೆಟ್ಟಿಗೆ ತೆರೆದರೆ ಪೈಪು ಸುತ್ತಿಟ್ಟಂತೆಯೇ ಇತ್ತು. ಅದನ್ನು ನಾನು ಸ್ಮಾರೊಳ ಹಳೆಯ ಕೆಂಪು ಲಂಗದ ತುಂಡಿನಿಂದ ಕಟ್ಟುತ್ತೇನೆ, ನನ್ನ ಗಂಡ ಕಲಿಸಿದ ಗಂಟು. ಅನೆಸ್ತಿಸ್‌ಗೆ ಆ ಗಂಟು ಎಂದೂ ಬಂದದ್ದಿಲ್ಲ, ಪ್ರತಿಸಲ ಅದಕ್ಕೆ ನನ್ನ ಕೈಲಿ ಬೈಸಿಕೊಳ್ಳುತ್ತಿದ್ದ. ಗಂಟು ನಾನು ಹಾಕಿದ ಹಾಗೆಯೇ ಇತ್ತು. ಸೀಸದ ಗುಂಡಿನ ಮೇಲೆ ಹಿಂದಿನ ಸಲದ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಪೈಪು ನೀರಿಗೆ ಇಳಿದೇ ಇರಲಿಲ್ಲ. ದೋಣಿಯಂಚಿನಿಂದ ಬಾಗಿ ಮೇಲಿನ ಸಿಹಿನೀರು ತುಂಬಿಕೊಂಡು, ಹಗ್ಗದ ಮೇಲ್ತುದಿಯಿಂದ ಒಂದು ಹಿಡಿ ಪಚ್ಚಿಲೆ ಕಿತ್ತು ಚೀಲಕ್ಕೆ ಹಾಕಿದ್ದ.

ಹಿಂದೆಯೇ ಬಂದು ನಿಂತಿದ್ದ ಅನೆಸ್ತಿಸ್ ನನ್ನ ಕೈಯಲ್ಲಿದ್ದ ಪೈಪನ್ನು ನೋಡಿ ಕಟ್ಟೆಯ ಕಲ್ಲಿನ ಮೇಲೆ ಕೂತುಬಿಟ್ಟ.

“ತೋಮಾಯಿ, ನನ್ನ ಮಾತು ಕೇಳು. ಆ ಹುಡುಗಿ ಹೇಳೋದೆಲ್ಲ ಸುಳ್ಳು ಅಂತ್ಲೇ ಅಂದ್ಕೊಂಡಿದ್ದೆ. ವಾರ ಕಳೆದ್ರೆ ಸಾಕು, ಊರು ಉಳ್ಕೊಳತ್ತೆ ಅಂದ್ಕೊಂಡೆ. ವಿಷ ಇದೆ ಅಂತ ಗೊತ್ತಿದ್ರೆ ಸ್ಮಾರೊಗೆ ತಿನ್ನೋಕೆ ಬಿಡ್ತಿದ್ನಾ? ಅವಳು ನನ್ನ ಮಗಳಲ್ವೇನೆ?”

“ನೀನ್ಯಾಕೆ ತಿನ್ಲಿಲ್ಲ ಹಾಗಾದ್ರೆ?”

“ಕಲ್ಲಿದೆ ಅಂದ್ನಲ್ಲ! ಅಮ್ಮನಾಣೆ.” ಅಳುತ್ತಿದ್ದ. ಅವನ ಅಮ್ಮನ ಹೆಸರೇ ನನ್ನ ಮಗಳದ್ದು. “ನಾನು ಅಂತ ಗೊತ್ತಾದ್ರೆ ಸಂಘವೇ ಮುಚ್ಚತ್ತೆ, ಊರೇ ಬೀದಿಗೆ ಬರತ್ತೆ. ನೀನು ಕೈತಪ್ಪಾಯ್ತು ಅಂದ್ರೆ ಬೈದು ಬಿಟ್ಟುಬಿಡ್ತಾರೆ. ಸ್ಮಾರೊಗೋಸ್ಕರ.”

ನನಗೆ ಕೋಪ ಬಂತು, ಅಸಹ್ಯ ಬಂತು, ಆದರೂ ನಂಬಿದೆ. ದಡ್ಡತನ ಮಾಡಿದ, ದುರಾಸೆ ಪಟ್ಟ, ಆದರೆ ತಿಳಿದು ಮಾಡಲಿಲ್ಲ ಎಂದುಕೊಂಡೆ. ನನ್ನ ಹೆಸರು ಹೋದರೆ ಹೋಗಲಿ, ಹುಟ್ಟುವ ಮಗುವಿಗೆ ಎಣ್ಣೆ ಹಚ್ಚುವ ಕೈಯೊಂದು ಉಳಿಯಲಿ ಎನಿಸಿತು. “ಆಯ್ತು, ಬಾಯ್ಬಿಡಲ್ಲ” ಎಂದು ಅವನಿಗೆ ಮಾತು ಕೊಟ್ಟೆ.

ಮರುದಿನ ಆಸ್ಪತ್ರೆಯಲ್ಲಿ ಸ್ಮಾರೊ ದಿಂಬಿಗೊರಗಿ ಗಂಜಿ ಕುಡಿಯುತ್ತಿದ್ದಳು. ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು.

“ಅಮ್ಮಾ, ನೊನೊಗೆ ಬೈಬೇಡ. ಅವರಿಗೆ ತುಂಬಾ ಬೇಜಾರಾಗಿರತ್ತೆ.”

“ಅವನಿಗ್ಯಾಕೆ?”

“ಅವತ್ತು ಊಟದಲ್ಲಿ ಫನೂಲತ್ತೆ ಇನ್ನೇನು ಬಾಯಿಗಿಡ್ಬೇಕು, ನೊನೊ ಅವರ ಕೈಯಿಂದ ತಟ್ಟೆ ಕಿತ್ಕೊಂಡ್ರು. ನೀನು ತಿನ್ಬೇಡ ಅಂತ ಮೆಲ್ಲಗೆ ಗದರಿದ್ರು. ತಟ್ಟೇನ ಮೇಜಿನ ಮೇಲೆ ನನ್ನ ಪಕ್ಕಕ್ಕೆ ಸರಿಸಿಟ್ರು. ನಾನು ನೋಡ್ದೆ ಅಂತ ಗೊತ್ತಾಗಿ ಮುಖ ತಿರುಗಿಸ್ಕೊಂಡ್ರು.” ಅವಳು ನಕ್ಕಳು. “ಬಸುರಿಗೆ ಇರ್ಲಿ ಅಂತ ಅತ್ತೆಯ ಪಾಲನ್ನೇ ಬಿಡಿಸಿಟ್ಟಿದ್ದಾರೆ ಅಂದ್ಕೊಂಡೆ ಅಮ್ಮಾ. ಅದಕ್ಕೇ ಹೊಟ್ಟೆ ತುಂಬಿದ್ರೂ ಅದನ್ನೂ ತಿಂದೆ. ಬಿಟ್ರೆ ನೊಂದ್ಕೋತಾರಲ್ಲಾ.”

ನಾನು ಗಂಜಿ ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡು ಪಕ್ಕಕ್ಕಿಟ್ಟೆ. ಹೆಂಡತಿಯ ಬಾಯಿಂದ ಕಿತ್ತುಕೊಂಡವನು ನನ್ನ ಮಗಳು ತಿನ್ನುವುದನ್ನು ನೋಡಲಾಗದೆ ಮುಖ ತಿರುಗಿಸಿದ್ದ. ಒಂದು ಮಾತು ಆಡಿದ್ದರೆ ಸಾಕಿತ್ತು. ಇವಳಿಗೆ ತಿನ್ನಬೇಡ ಎಂದರೆ ಊರಿಗೆಲ್ಲ ತಿಳಿಯುತ್ತಿತ್ತು, ಅದಕ್ಕೆ ಆಡಲಿಲ್ಲ. ನಂಬಿಸಿ ಕುತ್ತಿಗೆ ಕೊಯ್ಯುವುದೆಂದರೆ ಇದೇ.

“ಎಲ್ಲಿಗೆ ಹೋಗ್ತೀಯಮ್ಮಾ?”

“ಫೋನ್ ಮಾಡಿ ಬರ್ತೀನಿ.”

“ನೊನೊ ಬರ್ತೀನಿ ಅಂದಿದ್ರು. ಬಂದ್ರೆ ಒಳಗೆ ಕಳ್ಸು.”

ಬಂದೇ ಇದ್ದ. ಪಡಸಾಲೆಯ ಆ ತುದಿಯಲ್ಲಿ, ಕೈಯಲ್ಲಿ ಹಲ್ವದ ಪೊಟ್ಟಣ ಹಿಡಿದು, ಬಾಚಿದ ತಲೆಯಲ್ಲಿ. ನನ್ನನ್ನು ಕಂಡು ಮುಗುಳ್ನಕ್ಕು ಹತ್ತಿರ ಬರತೊಡಗಿದ. ನಾನು ಬಾಗಿಲನ್ನು ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ನಿಂತು ಪ್ರಯೋಗಾಲಯಕ್ಕೆ ಫೋನ್ ಮಾಡಿದೆ. ಅತ್ತ ಮಿರ್ಸಿನಿ ಫೋನೆತ್ತಿದಳು.

“ಮಗಳೇ, ನಿನ್ನ ಲೆಕ್ಕ ತಪ್ಪಿರ್ಲಿಲ್ಲ. ಪೈಪು ನೀರಿಗೆ ಇಳೀಲೇ ಇಲ್ಲ. ಗಂಟು ಹಾಗೇ ಇದೆ, ತಂದು ತೋರಿಸ್ತೀನಿ.”

“ನೀರು ತೆಗೆದದ್ದು ಯಾರು?” ಎಂದಳು.

ಅನೆಸ್ತಿಸ್ ಎರಡು ಮಾರು ದೂರದಲ್ಲಿ ನಿಂತುಬಿಟ್ಟಿದ್ದ. ಬೇಡ ಎಂದು ತಲೆಯಾಡಿಸಿದ. ಬಾಗಿಲಿನ ಹಿಂದಿನಿಂದ ಸ್ಮಾರೊ, “ಬಂದ್ರಾ ಅಮ್ಮಾ?” ಎಂದು ಕೂಗಿದಳು. ನಾನು ಅವನ ಕಣ್ಣನ್ನೇ ನೋಡುತ್ತಾ, ಅಂದು ಚರ್ಚಿನಲ್ಲಿ ಮಗುವನ್ನು ಅವನ ಕೈಗಿಡುವಾಗ ಪಾದ್ರಿ ಕೂಗಿದ ಹಾಗೆ ಅವನ ಪೂರ್ತಿ ಹೆಸರನ್ನು ಹೇಳಿದೆ, ಒಳಗಿದ್ದವಳಿಗೂ ಕೇಳುವಷ್ಟು ಗಟ್ಟಿಯಾಗಿ.