ಯಾವ ಬರ್ತೀನಿ?

ಬೆಳಿಗ್ಗೆ ಏಳಕ್ಕೆ ಗೋದಾಮಿನ ಗೇಟಿನ ಮುಂದೆ ಇಪ್ಪತ್ನಾಲ್ಕು ಜನ ನಿಂತಿರಬೇಕಿತ್ತು. ನಿಂತಿದ್ದವರು ಒಂಬತ್ತು ಜನ. ಅವಳು ಮೂರು ಸಲ ಎಣಿಸಿದಳು. ಎಣಿಸುತ್ತಾ ಎಣಿಸುತ್ತಾ ಹೆಚ್ಚಾಗಲು ಅವರೇನು ತಿಗಣೆಗಳೇ? ಒಂಬತ್ತು ಒಂಬತ್ತಾಗಿಯೇ ಉಳಿಯಿತು.

"ಬಸ್ಸು ತಡ ಆಗಿರ್ಬೇಕು," ಎಂದಳು.

ಗೋದಾಮಿನ ಮ್ಯಾನೇಜರ್ ಪೆನ್ನಿನ ಮುಚ್ಚಳ ಕಚ್ಚುತ್ತಾ ನಿಂತಿದ್ದ. ಮೆತ್ತಗೆ ಮಾತಾಡುವ ಮನುಷ್ಯ. ಮೆತ್ತಗೆ ಮಾತಾಡುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಜಗಳಕ್ಕೆ ಹಿಡಿ ಸಿಗುವುದಿಲ್ಲ.

"ಹದಿನೈದು ಜನಕ್ಕೂ ಒಂದೇ ಬಸ್ಸಾ ಮೇಡಂ?"

ಅವಳು ಕೈಯಲ್ಲಿದ್ದ ಪಟ್ಟಿ ನೋಡಿದಳು. ಇಪ್ಪತ್ನಾಲ್ಕು ಹೆಸರು, ಇಪ್ಪತ್ನಾಲ್ಕು ಟಿಕ್ಕು. ಟಿಕ್ಕು ಹಾಕಿದ್ದು ಅವಳೇ, ಕೆಂಪು ಶಾಯಿಯಲ್ಲಿ.

ಅವಳದು ಕೆಲಸಕ್ಕೆ ಜನ ಹುಡುಕಿಕೊಡುವ ಏಜೆನ್ಸಿ. ಟೈಲರ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಶುರುವಾಗಿ ಆರು ವರ್ಷವಾಗಿತ್ತು. ಮೊದಲ ವರ್ಷ ಒಂದು ಕ್ಲಿನಿಕ್ಕಿಗೆ ಕಾವಲುಗಾರ, ಒಂದು ಪ್ರೆಸ್ಸಿಗೆ ಬೈಂಡಿಂಗ್ ಮಾಡುವವಳು, ಅಷ್ಟೇ. ಆಮೇಲೆ ಬಾಯಿಂದ ಬಾಯಿಗೆ ಸುದ್ದಿ ಹೋಗಿ ತಿಂಗಳಿಗೆ ಹತ್ತು ಹದಿನೈದು ಜನಕ್ಕೆ ಕೆಲಸ ಕೊಡಿಸುವಂತಾಯಿತು. ಅವಳ ಪದ್ಧತಿ ಸರಳ. ಒಬ್ಬರಿಗೆ ನಾಲ್ಕು ನಿಮಿಷ. "ಬರ್ತೀಯಾ, ಇಲ್ವಾ? ಎರಡರಲ್ಲಿ ಒಂದು ಹೇಳು. ನಿನ್ನ ಸಂಸಾರದ ಕಥೆ ನನಗೆ ಬೇಡ." ಕೆಳಗಿನ ಟೈಲರ್ ಅವಳಿಗೆ 'ಒಣಮೆಣಸು' ಎಂದು ಹೆಸರಿಟ್ಟಿದ್ದ. ಕೆಲಸ ಕೇಳಿಕೊಂಡು ಬಂದ ಬಡಪಾಯಿಗಳು ಹೆದರಿಯೇ ಸರಿಯಾದ ಉತ್ತರ ಕೊಡುತ್ತಿದ್ದರು.

ಈ ಗೋದಾಮಿನ ಕೆಲಸ ಸಿಗಬಹುದು ಎಂದ ದಿನವೇ ಅವಳು ಪಕ್ಕದ ಕೋಣೆಯನ್ನೂ ಬಾಡಿಗೆಗೆ ಹಿಡಿದಿದ್ದಳು. ಮ್ಯಾನೇಜರ್ ಹೇಳಿದ್ದು ಇಷ್ಟು: ಸೋಮವಾರ ಪ್ಯಾಕಿಂಗ್‌ಗೆ ಇಪ್ಪತ್ನಾಲ್ಕು ಜನ ಕೊಡಿ, ಸರಿಹೋದರೆ ಮೂರು ಗೋದಾಮಿಗೂ ವರ್ಷಪೂರ್ತಿ ಜನ ಕೊಡುವುದು ನೀವೇ. ಇಲ್ಲದಿದ್ದರೆ ದೊಡ್ಡ ರಸ್ತೆಯ ಗಾಜಿನ ಬಾಗಿಲಿನ ಏಜೆನ್ಸಿ ಇದ್ದೇ ಇದೆ. ಆಗ ಪಕ್ಕದ ಕೋಣೆ ಬಿಡಬೇಕು. ಕೋಣೆ ಬಿಟ್ಟರೆ ಅದರೊಳಗೆ ಕೂತಿದ್ದ ಭಾವನನ್ನೂ ಬಿಡಬೇಕು.

ಭಾವ ಎಂದರೆ ಅವಳ ಗಂಡನ ಅಣ್ಣ. ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಬೆರಳಚ್ಚು ಮಾಡಿ, ಸಾಕ್ಷಿ ಹೇಳಿದ್ದನ್ನೆಲ್ಲ ಬರೆದುಕೊಂಡು ನಿವೃತ್ತರಾದವರು. ಮನೆಗೆ ಬಂದ ಮೇಲೂ ಬೆರಳು ಸುಮ್ಮನಿರಲಿಲ್ಲ. ಊಟದ ಮೇಜಿನ ಮೇಲೆ ಟಕಟಕ ಬಡಿಯುತ್ತಿದ್ದವು. "ಅಣ್ಣ ಮನೇಲಿ ಕೂತು ಮಂಕಾಗ್ತಿದ್ದಾನೆ ಕಣೇ. ನಿನಗೂ ಜನ ಬೇಕಲ್ಲ, ಕರ್ಕೋ," ಎಂದಿದ್ದ ಗಂಡ. ಅವನಿಗೇನು, ಹೇಳಿ ಕೈ ತೊಳೆದುಕೊಂಡ. ಗಂಡನ ಅಣ್ಣನನ್ನು ಬೈಯುವ ಹಾಗಿಲ್ಲ, ದನಿ ಎತ್ತುವ ಹಾಗೂ ಇಲ್ಲ. ಬೈಯಲಾಗದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೆಂದರೆ ಮೈಯೆಲ್ಲ ತುರಿಸುವಾಗ ಕೈ ಕಟ್ಟಿಸಿಕೊಂಡ ಹಾಗೆ. ಎರಡು ತಿಂಗಳಿಂದ ಅವಳು ಭಾವನ ಪಾಲಿನ ಬೈಗುಳವನ್ನೆಲ್ಲ ಪ್ರಿಂಟರಿಗೆ ಬೈಯುತ್ತಿದ್ದಳು. ಈ ಸಲ ಗೋದಾಮಿಗೆ ಜನರನ್ನು ಮಾತಾಡಿಸಿ ಬರೆದುಕೊಂಡವರು ಭಾವನೇ.

ಪಟ್ಟಿಯ ನಾಲ್ಕನೆಯ ಹೆಸರಿಗೆ ಗೇಟಿನಲ್ಲೇ ನಿಂತು ಫೋನ್ ಮಾಡಿದಳು.

"ಎಲ್ಲಿದ್ದೀರಿ? ಏಳೂ ಕಾಲಾಯ್ತು!"

"ಮನೇಲಿದ್ದೀನಿ ಮೇಡಂ. ಮಗೂಗೆ ಜಡೆ ಹಾಕ್ತಿದ್ದೀನಿ."

"ಜಡೆ ಹಾಕ್ತಿದ್ದೀರಾ? ಬರ್ತೀನಿ ಅಂತ ಶುಕ್ರವಾರ ಹೇಳಿ ಹೋಗಿದ್ದೀರಲ್ರೀ!"

"ನಾನಾ? ನಾನ್ಯಾವಾಗ ಹೇಳ್ದೆ?"

"ನಮ್ಮ ಪುಸ್ತಕದಲ್ಲಿ ಬರೆದಿದೆ!"

ಆ ಕಡೆಯಿಂದ ನಗು.

"ಅಯ್ಯೋ, ಅದಾ? ಎದ್ದು ಹೊರಡೋವಾಗ ಅಂದಿದ್ದು ಮೇಡಂ. ಮತ್ತಿನ್ನೇನನ್ಲಿ? ಹೋಗ್ತೀನಿ ಅಂತ ಯಾರಾದ್ರೂ ಅಂತಾರಾ? ನಾನೇನು ಸಾಯೋಕೆ ಹೊರಟಿದ್ನಾ?"

ಅವಳು ಫೋನ್ ಕಿವಿಯಿಂದ ತೆಗೆದು ಅದನ್ನೇ ದುರುಗುಟ್ಟಿ ನೋಡಿದಳು. ಇನ್ನಿಬ್ಬರಿಗೆ ಮಾಡಿದಳು. ಅದೇ ಉತ್ತರ. ಎಲ್ಲರೂ ಎದ್ದಿದ್ದಾರೆ, ಕೈ ಮುಗಿದಿದ್ದಾರೆ, ಬರ್ತೀನಿ ಎಂದಿದ್ದಾರೆ, ಹೋಗಿದ್ದಾರೆ.

"ಹನ್ನೊಂದರ ತನಕ ಕಾಯ್ತೀನಿ ಮೇಡಂ," ಎಂದ ಮ್ಯಾನೇಜರ್, ಅದೇ ಮೆತ್ತಗಿನ ದನಿಯಲ್ಲಿ. "ಆಮೇಲೆ ಬೇರೆಯವರಿಗೆ ಫೋನ್ ಮಾಡ್ತೀನಿ. ನೀವು ಬೇಜಾರು ಮಾಡ್ಕೋಬಾರ್ದು."

ಅವಳು ಆಫೀಸಿಗೆ ಬಂದಾಗ ಎಂಟೂ ಹತ್ತು. ಟೈಲರ್ ಶಟರ್ ಎತ್ತುತ್ತಿದ್ದವನು, "ಏನ್ ಮೇಡಂ, ಇವತ್ತು ಮೆಣಸಿನ ಘಾಟು ಆ ತಿರುವಿನಿಂದಲೇ ಬರ್ತಿದೆ!" ಎಂದ. ಅವಳು ನೋಡಿದ ನೋಟಕ್ಕೆ ಅರ್ಧ ಎತ್ತಿದ ಶಟರನ್ನು ಮತ್ತೆ ಇಳಿಸಿದ.

ಭಾವ ಆಗಲೇ ಬಂದು ಪೆನ್ಸಿಲು ಕೆತ್ತುತ್ತಿದ್ದರು. ಮೇಜಿನ ಮೇಲೆ ದಪ್ಪ ರಟ್ಟಿನ ಪುಸ್ತಕ.

"ಭಾವ," ಎಂದಳು. ಹಲ್ಲು ಕಚ್ಚಿ ಹೇಳಿದ್ದರಿಂದ ಅದು 'ಪಾವ' ಎಂದು ಕೇಳಿಸಿತು. "ಗೇಟಿಗೆ ಬಂದವರು ಒಂಬತ್ತು ಜನ. ನೀವು ಇಪ್ಪತ್ನಾಲ್ಕು ಜನಾನೂ ಬರ್ತೀನಿ ಅಂದ್ರು ಅಂತ ಓದಿದ್ರಿ."

"ಅಂದಿದ್ರಮ್ಮ. ಹೇಳಿದ್ದನ್ನ ಹೇಳಿದ ಹಾಗೇ ಬರೆದಿದ್ದೀನಿ. ಒಂದಕ್ಷರ ಆಚೀಚೆ ಇಲ್ಲ."

"ಅದು ಹೊರಡೋವಾಗ ಅನ್ನೋ ಬರ್ತೀನಿ ಭಾವ! ಹೋಗೋ ಬರ್ತೀನಿ! ಅಷ್ಟೂ ಗೊತ್ತಾಗಲ್ವಾ ನಿ..." ಎಂದವಳು ನಾಲಿಗೆ ಕಚ್ಚಿಕೊಂಡಳು. ತಿರುಗಿ ಪ್ರಿಂಟರಿಗೆ, "ದರಿದ್ರದ್ದು, ಒಂದು ದಿನಾನಾದ್ರೂ ನೆಟ್ಟಗೆ ಕೆಲಸ ಮಾಡತ್ತಾ ಇದು!" ಎಂದಳು. ಪ್ರಿಂಟರ್ ಇನ್ನೂ ಆನ್ ಮಾಡಿರಲೇ ಇಲ್ಲ.

ಭಾವ ಪೆನ್ಸಿಲು ಕೆಳಗಿಟ್ಟರು. ಪ್ರಿಂಟರಿಗೆ ಬೀಳುವ ಬೈಗುಳ ಯಾರದ್ದೆಂದು ಅವರಿಗೆ ಮೊದಲ ವಾರವೇ ತಿಳಿದಿತ್ತು. ಕನ್ನಡಕ ಏರಿಸಿ ಪುಸ್ತಕ ಬಿಚ್ಚಿದರು.

"ಹೇಳಿಕೆ ನಂಬರ್ ನಾಲ್ಕು. ಓದ್ಲಾ?"

"ಓದಿ."

"'ಮಗಳನ್ನು ಒಂಬತ್ತಕ್ಕೆ ಶಾಲೆಗೆ ಬಿಡಬೇಕು. ಬಿಡಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ನನಗೆ ಕೆಲಸ ಬೇಕೇ ಬೇಕು. ಏಳಕ್ಕೆ ಆಗುವುದಿಲ್ಲ, ಒಂಬತ್ತೂವರೆಗಾದರೆ ಒಂದು ದಿನವೂ ತಪ್ಪಿಸುವುದಿಲ್ಲ.' ಹೀಗೆ ಹೇಳಿ, ಬರ್ತೀನಿ ಎಂದು ಎದ್ದು ಹೊರಟರು."

ಅವಳು ಕುರ್ಚಿ ಎಳೆದು ಕೂತಳು.

"ಇದನ್ನ ಶುಕ್ರವಾರ ಯಾಕೆ ಓದ್ಲಿಲ್ಲ?"

"ಶುರು ಮಾಡಿದೆನಮ್ಮ. 'ಪುರಾಣ ಬೇಡ ಭಾವ, ಕೊನೆ ಸಾಲು ಓದಿ ಸಾಕು' ಅಂದೆ ನೀನು. ಕೇಳಿದ್ದಷ್ಟನ್ನೇ ಓದೋದು ನನಗೆ ಅಭ್ಯಾಸ."

ಹೌದು, ಹಾಗೇ ಅಂದಿದ್ದಳು. ಶುಕ್ರವಾರ ಸಂಜೆ ಒಂದು ಕಿವಿಗೆ ಫೋನು, ಒಂದು ಕೈಯಲ್ಲಿ ಕೆಂಪು ಪೆನ್ನು. ಭಾವ ಒಬ್ಬೊಬ್ಬರ ಹತ್ತಿರ ಕಾಲು ಕಾಲು ಗಂಟೆ ಕೂತು ಪುಟಗಟ್ಟಲೆ ಬರೆದಿದ್ದು ನೋಡಿಯೇ ಅವಳ ಪಿತ್ತ ನೆತ್ತಿಗೇರಿತ್ತು. ಅವರು ಕೊನೆ ಸಾಲು ಓದುತ್ತಾ ಹೋದರು, ಅವಳು ಟಿಕ್ಕು ಹಾಕುತ್ತಾ ಹೋದಳು. ಬರ್ತೀನಿ, ಟಿಕ್ಕು. ಬರ್ತೀನಿ, ಟಿಕ್ಕು. ಇಪ್ಪತ್ನಾಲ್ಕು ಜನದಲ್ಲಿ ಒಬ್ಬರೂ ಇಲ್ಲ ಅನ್ನಲಿಲ್ಲವಲ್ಲ ಎಂಬ ಅನುಮಾನ ಕೂಡ ಬರಲಿಲ್ಲ. ತನ್ನ ಏಜೆನ್ಸಿಯ ಹೆಸರೇ ಅಂಥದ್ದು ಎಂದು ಬೀಗಿದ್ದಳು ಬೇರೆ.

ಈಗ ಬೈಯೋಣವೆಂದರೆ ಎದುರಿಗೆ ಯಾರೂ ಇಲ್ಲ. ಇದ್ದದ್ದು ಕಸದ ಬುಟ್ಟಿ. ಅದಕ್ಕೊಂದು ಒದ್ದಳು. ಅದು ಉರುಳಿಕೊಂಡು ಹೋಗಿ ಭಾವನ ಕಾಲ ಬುಡದಲ್ಲಿ ನಿಂತಿತು. ಅವರು ಅದನ್ನೆತ್ತಿ ನೆಟ್ಟಗೆ ಇಟ್ಟರು.

"ಇನ್ನು ಹದಿನಾಲ್ಕು ಓದಿ," ಎಂದಳು. "ಮೊದಲಿಂದ. ಪೂರ್ತಿ."

ಭಾವ ಓದಿದರು. ಒಬ್ಬರಿಗೆ ಕೀಲುನೋವು, ನಿಂತು ಮಾಡುವ ಕೆಲಸ ಆಗದು. ಒಬ್ಬ ಬೇರೆ ಕಡೆ ಸೇರಿಕೊಂಡಿದ್ದ, ಸುಮ್ಮನೆ ನೋಡಿಹೋಗಲು ಬಂದವನು. ಇನ್ನಿಬ್ಬರು ದೂರ ಆಯಿತು ಎಂದಿದ್ದರು. ನಾಲ್ಕನೆಯವಳೂ ಸೇರಿ ಉಳಿದ ಹನ್ನೊಂದು ಜನರದ್ದು ಒಂದೇ ರಾಗ: ಮಗು, ಶಾಲೆ, ಹಾಸಿಗೆ ಹಿಡಿದ ಅತ್ತೆಗೆ ಗಂಜಿ, ಏಳಕ್ಕೆ ಆಗದು, ಒಂಬತ್ತೂವರೆಗೆ ಆದೀತು. ಹನ್ನೆರಡನೆಯ ಹೇಳಿಕೆ ಬಂದಾಗ ಅವಳು ಕೈ ಎತ್ತಿದಳು.

"ಇನ್ನೊಂದ್ಸಲ."

"'ಅದೇ ಗೋದಾಮಿನಲ್ಲಿ ಹಿಂದೆ ಎಂಟು ತಿಂಗಳು ಕೆಲಸ ಮಾಡಿದ್ದೇನೆ. ಏಳಕ್ಕೆ ಹೋಗಿ ಮಾಡುವುದೇನೂ ಇಲ್ಲ. ಲಾರಿ ಬರುವುದೇ ಹತ್ತಕ್ಕೆ. ಅಲ್ಲಿಯ ತನಕ ಖಾಲಿ ಡಬ್ಬದ ಮೇಲೆ ಕೂತು ಹರಟೆ.'"

ಬೆಳಿಗ್ಗೆ ಗೇಟಿನಲ್ಲಿ ಒಂದೂ ಲಾರಿ ಇರಲಿಲ್ಲವೆಂಬುದು ಅವಳಿಗೆ ಆಗ ನೆನಪಾಯಿತು. ಅವಳು ಹೊರಡುವಾಗ ಆ ಒಂಬತ್ತು ಜನ ಡಬ್ಬಗಳ ಮೇಲೆಯೇ ಕೂತಿದ್ದರು.

ಇಬ್ಬರೂ ಒಂದೊಂದು ಫೋನ್ ಹಿಡಿದರು. ಎರಡು ಕೋಣೆಗಳ ನಡುವಿನ ಬಾಗಿಲು ತೆರೆದೇ ಇತ್ತು. ಈ ಕಡೆಯಿಂದ, "ಇವತ್ತು ಒಂಬತ್ತೂವರೆಗೆ ಬರ್ತೀರಾ? ಫೋನ್ ಇಡೋ ಬರ್ತೀನಿ ನನಗೆ ಬೇಡ, ಗೇಟಿಗೆ ಬರೋ ಬರ್ತೀನಿ ಹೇಳಿ!" ಆ ಕಡೆಯಿಂದ, "ನಿಧಾನಕ್ಕೆ ಯೋಚನೆ ಮಾಡಿ ಹೇಳಿ, ನಾನು ಕಾಯ್ತೀನಿ." ನಿಧಾನಕ್ಕಂತೆ! ಅವಳು ಗಡಿಯಾರ ನೋಡಿ ತಲೆ ಚಚ್ಚಿಕೊಂಡಳು. ಆದರೆ ಲೆಕ್ಕ ಹಾಕಿದಾಗ ಅವಳಿಗೆ ನಾಲ್ಕು ಜನ ಸಿಕ್ಕಿದ್ದರು, ಭಾವನಿಗೆ ಆರು.

ಹತ್ತಕ್ಕೆ ಹತ್ತು ನಿಮಿಷ ಇರುವಾಗ ಆ ಹತ್ತೂ ಜನ ಗೇಟಿನಲ್ಲಿದ್ದರು. ಪುಸ್ತಕ ಹಿಡಿದು ಅವಳ ಜೊತೆ ಭಾವನೂ. ಒಬ್ಬಳ ಕೈಯಲ್ಲಿ ಮಗಳ ನೀರಿನ ಬಾಟಲಿ ಹಾಗೇ ಉಳಿದಿತ್ತು, ಕೊಡುವುದು ಮರೆತಿದ್ದಳು.

"ನಾನು ಕೇಳಿದ್ದು ಏಳಕ್ಕೆ ಇಪ್ಪತ್ನಾಲ್ಕು ಮೇಡಂ," ಎಂದ ಮ್ಯಾನೇಜರ್. "ಇದು ಹತ್ತಕ್ಕೆ ಹತ್ತೊಂಬತ್ತು."

"ನಿಮ್ಮ ಮೊದಲನೇ ಲಾರಿ ಎಷ್ಟೊತ್ತಿಗೆ ಬರತ್ತೆ?"

"ಅದು... ಸಾಮಾನ್ಯವಾಗಿ ಬೆಳಿಗ್ಗೆನೇ."

"ಭಾವ, ಹನ್ನೆರಡು ಓದಿ."

ಭಾವ ಗೇಟಿನ ಮುಂದೆಯೇ ಪುಸ್ತಕ ಬಿಚ್ಚಿ, ಕೋರ್ಟಿನ ದನಿಯಲ್ಲಿ, ಅಲ್ಪವಿರಾಮವನ್ನೂ ಬಿಡದೆ ಓದಿದರು. 'ಹರಟೆ' ಎಂಬಲ್ಲಿಗೆ ಬಂದಾಗ ಡಬ್ಬದ ಮೇಲಿದ್ದ ಒಂಬತ್ತು ಜನ ನಕ್ಕರು. ಮ್ಯಾನೇಜರ್ ಪೆನ್ನಿನ ಮುಚ್ಚಳ ಬಾಯಿಂದ ತೆಗೆದ. ಸರಿಯಾಗಿ ಆಗಲೇ ಮೊದಲನೇ ಲಾರಿ ಹಾರನ್ ಹೊಡೆಯುತ್ತಾ ತಿರುವಿನಲ್ಲಿ ಕಾಣಿಸಿತು.

"ಏಳರಿಂದ ಹತ್ತರ ತನಕ ಇಪ್ಪತ್ನಾಲ್ಕು ಜನ ಏನ್ ಮಾಡ್ತಾರೆ ಸಾರ್, ನಿಮ್ಮ ಮುಖ ನೋಡ್ತಾರಾ?" ಎಂದಳು ಅವಳು. ಆಡಿದ ಮೇಲೆ, ಕೆಲಸ ಕೇಳಲು ಬಂದವಳು ಆಡಬಾರದ ಮಾತು ಇದು ಎನ್ನಿಸಿತು. ಆಡಿದ್ದು ಆಗಿತ್ತು.

ಮ್ಯಾನೇಜರ್ ಲಾರಿ ನೋಡಿದ, ಜನರನ್ನು ನೋಡಿದ. "ಒಂದು ವಾರ ನೋಡ್ತೀನಿ," ಎಂದ. "ಇದೊಂದು ಗೋದಾಮು ನಿಮಗೆ. ಉಳಿದೆರಡು... ನೋಡೋಣ."

ನೋಡೋಣ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಆ ಎರಡು ಗಾಜಿನ ಬಾಗಿಲಿನವರಿಗೆ ಹೋದವು ಎಂದೇ ಅರ್ಥ. ಮೂರರಲ್ಲಿ ಒಂದು. ಪಕ್ಕದ ಕೋಣೆ ಉಳಿಯಿತು, ಅಷ್ಟರ ಮಟ್ಟಿಗೆ. ವಾಪಸು ಬರುವಾಗ ದಾರಿಯುದ್ದಕ್ಕೂ ಅವಳು ಬಸ್ಸಿನ ಕಿಟಕಿಗೆ ಗೊಣಗಿದಳು. ಪಕ್ಕದಲ್ಲಿ ಭಾವ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಬೆರಳು ಮಾತ್ರ ರಟ್ಟಿನ ಮೇಲೆ ಟಕಟಕ.

ಸಂಜೆ ಅವಳು ಅಡಿಪಟ್ಟಿ ಹಿಡಿದು ಹೊಸ ಫಾರಮ್ಮಿಗೆ ಗೆರೆ ಎಳೆಯುತ್ತಿದ್ದಳು. ಕೊನೆಯಲ್ಲಿ ಎರಡು ಮನೆ: 'ಬರುವ ಬರ್ತೀನಿ', 'ಹೋಗುವ ಬರ್ತೀನಿ'. ಅವುಗಳ ಮೇಲೆ ಅಗಲವಾದ ಖಾಲಿ ಜಾಗ. ನಾಲ್ಕು ನಿಮಿಷದಲ್ಲಿ ತುಂಬುವ ಜಾಗವಲ್ಲ ಅದು. ನೋಡಿದಷ್ಟೂ ಸಿಟ್ಟು ಬರುತ್ತಿತ್ತು, ಆದರೆ ಬಿಟ್ಟಿದ್ದಳು.

ಭಾವ ಬಂದು ರಟ್ಟಿನ ಪುಸ್ತಕವನ್ನು ಅವಳ ಮೇಜಿನ ಮೇಲಿಟ್ಟರು. ಅದರ ಮೇಲೆ ತಮ್ಮ ಕೋಣೆಯ ಬೀಗದ ಕೈ ಇಟ್ಟರು. ಚೀಲ ಹೆಗಲಿಗೇರಿಸಿದರು.

"ಬರ್ತೀನಮ್ಮ," ಎಂದರು.

ಅವಳ ಅಡಿಪಟ್ಟಿ ನಿಂತಿತು. ಬೀಗದ ಕೈ ನೋಡಿದಳು. ಭಾವ ದಿನಾ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದರು.

"ಯಾವ ಬರ್ತೀನಿ ಭಾವ?"

ಅವರು ಪ್ರಿಂಟರಿನ ಕಡೆ ನೋಡಿದರು. "ನಿನಗೆ ಬೈಯೋಕಾಗಲ್ಲ, ನನಗೆ ಬೇಗ ಬರೆಯೋಕಾಗಲ್ಲ. ಪಾಪ ಆ ಪ್ರಿಂಟರ್ ಎಷ್ಟು ದಿನ ತಡ್ಕೊಳ್ಳತ್ತೆ?" ಎಂದರು.

ಅವಳಿಗೆ ಗಂಟಲಿನವರೆಗೆ ಏನೋ ಒಳ್ಳೆಯ ಮಾತು ಬಂತು. ಅಲ್ಲಿಂದ ಹೊರಗೆ ಬರುವಷ್ಟರಲ್ಲಿ ಅದು ಎಂದಿನ ಹಾಗೆ ಖಾರವಾಗಿಬಿಟ್ಟಿತು.

"ಬೀಗದ ಕೈ ಇಲ್ಲಿಟ್ಟು ಹೋದ್ರೆ ನಾಳೆ ಬಾಗಿಲು ಯಾರು ತೆಗೀತಾರೆ, ಟೈಲರಾ? ನಾನು ಒಂಬತ್ತೂವರೆಗೆ ಗೋದಾಮಿನ ಗೇಟಿನಲ್ಲಿರ್ಬೇಕು. ಒಂಬತ್ತಕ್ಕೆ ಮೂರು ಜನ ಬರ್ತಾರೆ, ಅವರ ಹೇಳಿಕೆ ಬರ್ಕೊಳ್ಳೋದು ಯಾರು? ನನಗೆ ತಾಳ್ಮೆ ಇದೆಯಾ? ಎಲ್ಲ ನನ್ನ ತಲೆಗೇ ಕಟ್ಟಿ ಹೊರಟ್ರೆ ಹೇಗೆ ಭಾವ!"

ಭಾವನಿಗೆ ಬಿದ್ದ ಮೊದಲ ನೇರ ಬೈಗುಳ ಅದು. ಅವರು ಚೀಲ ಇಳಿಸಿ, ಪುಸ್ತಕ ತೆರೆದು, ಕಿವಿಯ ಮೇಲಿನ ಪೆನ್ಸಿಲು ತೆಗೆದು ಏನೋ ಬರೆದರು. ಸಾವಕಾಶವಾಗಿ, ಒಂದಕ್ಷರ ಆಚೀಚೆಯಾಗದ ಹಾಗೆ. ಆಮೇಲೆ ಬೀಗದ ಕೈ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದರು.

ಅವಳು ಪುಸ್ತಕ ಎಳೆದುಕೊಂಡಳು. ಅವಳು ಆಡಿದ್ದೆಲ್ಲ ಇತ್ತು, ಟೈಲರ್ ಸಮೇತ. ಈ ಸಲ ಮೊದಲಿಂದ ಓದಿದಳು. ಕೊನೆಯ ಸಾಲು ಮಾತ್ರ ಭಾವ ತಮ್ಮ ಬಗ್ಗೆಯೇ ಬರೆದದ್ದು: 'ಒಂಬತ್ತಕ್ಕೆ ಬರ್ತೀನಿ ಎಂದು ಹೇಳಿ ಹೊರಟರು. ಬರುವ ಬರ್ತೀನಿ.'

"ಇಷ್ಟಕ್ಕೆ ಒಂದಿಡೀ ಹಾಳೆ ದಂಡ," ಎಂದು ಗೊಣಗುತ್ತಾ ಅವಳು ಕೆಂಪು ಪೆನ್ನು ಹುಡುಕಿ ಪಕ್ಕದಲ್ಲಿ ಒಂದು ಟಿಕ್ಕು ಹಾಕಿದಳು.