ಓದದೆ ಬರೆದ ಅಭಿಪ್ರಾಯ

ಬಾಳಗಡಿಯ ಕಾಲೇಜಿನಲ್ಲಿ ಕನ್ನಡ ಕಲಿಸುವ ಅರ್ಪಣಾಳ ಮಾತಿಗೆ ಕೊಪ್ಪದ ಓದುಗರ ವಾಟ್ಸಾಪ್ ಗುಂಪಿನಲ್ಲಿ ತೂಕವಿತ್ತು. ನರಸಿಂಹರಾಜಪುರದ ಏಲಿಕುಟ್ಟಿ ಟೀಚರ್ ಕ್ರೈಸ್ತ ನಂಬಿಕೆಯ ಬಗ್ಗೆ ಬರೆದ ಪುಟ್ಟ ಪುಸ್ತಕದ ಹತ್ತು ಪುಟ ಓದಿ, ಉಳಿದದ್ದನ್ನು ಊಹಿಸಿಕೊಂಡು, "ತ್ರಿಯೇಕ ದೇವರ ಅಧ್ಯಾಯ ಬರೀ ಗೊಂದಲ" ಎಂದು ಅವಳು ಅಲ್ಲಿ ಬರೆದಳು. ಕೊಳ್ಳಬೇಕೆಂದಿದ್ದವರು ಹಿಂದೆ ಸರಿದರು.

ವಾರದ ನಂತರ ಟೀಚರ್ ಬಸ್ಸು ಹಿಡಿದು ಕಾಲೇಜಿಗೇ ಬಂದರು. ಯಾರೋ ಅವರಿಗೆ ಆ ಅಭಿಪ್ರಾಯ ತೋರಿಸಿದ್ದರು.

"ಮೇಡಂ, ಅಂಥ ಅಧ್ಯಾಯ ನಾನು ಬರೆದೇ ಇಲ್ಲ. ಬೇರೆ ಯಾವುದೋ ನಿಮಗೆ ಹಾಗೆ ಕಂಡಿರ್ಬೇಕು. ಯಾವುದು ಅಂತ ಹೇಳಿದ್ರೆ ತಿದ್ತೀನಿ," ಎಂದು ಪೆನ್ಸಿಲ್ ತೆಗೆದರು.

ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಅರ್ಪಣಾಳಿಗೆ ತಲೆ ಎತ್ತಲಾಗಲಿಲ್ಲ.

"ನಾನು ಪೂರ್ತಿ ಓದಿರ್ಲಿಲ್ಲ ಟೀಚರ್. ತಪ್ಪಾಯ್ತು."

ಟೀಚರ್ ಪೆನ್ಸಿಲನ್ನು ಚೀಲಕ್ಕೆ ಹಾಕಿದರು. "ಹಾಗಾದ್ರೆ ಈಗ ಓದಿ. ಚೆನ್ನಾಗಿಲ್ಲ ಅನ್ಸಿದ್ರೆ ಹಾಗೇ ಬರೀರಿ."

ಮೂರು ದಿನ ಅವಳು ಒಂದಕ್ಷರ ಬಿಡದೆ ಓದಿದಳು. ಪಾಪನಿವೇದನೆಯ ಅಧ್ಯಾಯದಲ್ಲಿ ಟೀಚರ್, ತಾವು ಸುಮ್ಮಸುಮ್ಮನೆ ಹೊಡೆದಿದ್ದ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋಗಿ ಕ್ಷಮೆ ಕೇಳಿದ್ದನ್ನು ಬರೆದಿದ್ದರು. ಅದನ್ನು ಅರ್ಪಣಾ ಎರಡು ಸಲ ಓದಿದಳು.

ಆಮೇಲೆ ತಾನು ಓದದೆಯೇ ಬರೆದಿದ್ದೆನೆಂದು ಗುಂಪಿನಲ್ಲಿ ಒಪ್ಪಿಕೊಂಡು, ಹೊಸ ಅಭಿಪ್ರಾಯ ಹಾಕಿದಳು. ಭಾನುವಾರ ನರಸಿಂಹರಾಜಪುರಕ್ಕೆ ಹೋಗಿ ಅದನ್ನು ಟೀಚರಿಗೆ ಓದಿ ಹೇಳಿದಳು.

"ಕೊನೇ ಅಧ್ಯಾಯ ಎಳೆದ ಹಾಗಿದೆ ಅಂತಲೂ ಬರೆದಿದ್ದೀರಲ್ಲ," ಟೀಚರ್ ನಕ್ಕರು. "ಅದು ಓದಿದವರ ಮಾತು."

ಅರ್ಪಣಾಳಿಗೆ ನಗು ಬರಲಿಲ್ಲ. ಅವಳ ಮೊದಲ ಮಾತು ನಂಬಿದವರಲ್ಲಿ ಒಬ್ಬರೂ ಇನ್ನೂ ಪುಸ್ತಕ ಕೇಳಿರಲಿಲ್ಲ.